ಮೀನುಗೂಬೆಗಳು

ಹೊಳೆ, ಕೆರೆ, ಹಿನ್ನೀರುಗಳ ದಡದಲ್ಲಿ ನೆಲೆನಿಂತು ಮೀನು, ಏಡಿ, ಕಪ್ಪೆಗಳನ್ನು ಮುಖ್ಯ ಆಹಾರ ಮಾಡಿಕೊಂಡಿರುವ ಏಳು ಪ್ರಭೇದದ ಗೂಬೆಗಳನ್ನು ಒಟ್ಟಾಗಿ ಮೀನುಗೂಬೆಗಳು ಎನ್ನುತ್ತಾರೆ. ನಾಲ್ಕು ಏಷ್ಯಾ ಖಂಡದವು, ಕೆಟುಪಾ ಕುಲಕ್ಕೆ ಸೇರಿದವು. ಮೂರು ಆಫ್ರಿಕಾದವು, ಸ್ಕೋಟೊಪೀಲಿಯಾ ಕುಲದವು. ಜಗತ್ತಿನಲ್ಲಿರುವ ಸುಮಾರು 250 ಬಗೆಯ ಗೂಬೆಗಳಲ್ಲಿ ನೀರಿನ ಬೇಟೆಯನ್ನೇ ಕಸುಬು ಮಾಡಿಕೊಂಡವು ಇಷ್ಟೇ. ಬೇರೆ ದೊಡ್ಡ ಗೂಬೆಗಳೂ ಸಿಕ್ಕಾಗ ಮೀನು ತಿನ್ನುವುದುಂಟು, ಆದರೆ ಅದನ್ನೇ ನೆಚ್ಚಿ ಬದುಕುವುದಿಲ್ಲ. ಅಮೆರಿಕ ಖಂಡಗಳಲ್ಲಾಗಲಿ ಆಸ್ಟ್ರೇಲಿಯಾದಲ್ಲಾಗಲಿ ಮೀನುಗೂಬೆಗಳಿಲ್ಲ. ದಕ್ಷಿಣ ಅಮೆರಿಕದ ನದಿಗಳಲ್ಲಿ ಇರುಳು ಮೀನು ಹಿಡಿಯುವ ಕೆಲಸವನ್ನು ಒಂದು ಜಾತಿಯ ಬಾವಲಿ ವಹಿಸಿಕೊಂಡಿದೆ. ಭಾರತದಲ್ಲಿ ಎರಡು ಪ್ರಭೇದಗಳು ಖಚಿತ: ಹಿಮಾಲಯದ ಹೊಂಗಂದು ಮೀನುಗೂಬೆ ಮತ್ತು ದೇಶದ ಬಹುಭಾಗದಲ್ಲಿ ಹರಡಿಕೊಂಡಿರುವ ಕಂದು ಮೀನುಗೂಬೆ. ಕರ್ನಾಟಕದಲ್ಲಿರುವುದು ಎರಡನೆಯದು ಮಾತ್ರ.

ಏಷ್ಯಾದ ಮೀನುಗೂಬೆಗಳನ್ನು ಬಹುಕಾಲ ಕೊಂಬಿನ ಗೂಬೆಗಳ ಬ್ಯೂಬೋ ಕುಲದೊಳಗೇ ಸೇರಿಸುತ್ತಿದ್ದರು. ಡಿಎನ್‌ಎ ಅಧ್ಯಯನಗಳು ಬಂದ ಮೇಲೆ ಅವು ಮತ್ತೆ ಕೆಟುಪಾ ಎಂಬ ಹಳೆಯ ಹೆಸರಿಗೆ ಮರಳಿದವು. ಬರುವಾಗ ಒಂಟಿಯಾಗಿ ಬರಲಿಲ್ಲ. ನಮ್ಮ ಪಶ್ಚಿಮ ಘಟ್ಟದ ಚುಕ್ಕೆಹೊಟ್ಟೆಯ ಕಾಡುಗೂಬೆ, ಬಯಲುಸೀಮೆಯ ಬೂದು ಕೊಂಬಿನ ಗೂಬೆ ಮುಂತಾದ ಕೆಲವು ನೆಂಟರನ್ನೂ ಅದೇ ಕುಲಕ್ಕೆ ಎಳೆದುಕೊಂಡವು. ಆದ್ದರಿಂದ ಇಂದು ಕೆಟುಪಾ ಕುಲದ ಎಲ್ಲ ಗೂಬೆಗಳೂ ಮೀನುಗೂಬೆಗಳಲ್ಲ. ಹೆಸರುಗಳು ಹೀಗೆ ಅತ್ತಿತ್ತ ಸರಿದಾಡುವುದರಿಂದ ಹಳೆಯ ಹಕ್ಕಿ ಪುಸ್ತಕಕ್ಕೂ ಹೊಸ ಪಟ್ಟಿಗೂ ತಾಳೆಯಾಗದಿದ್ದರೆ ಓದುಗರು ಗಾಬರಿಯಾಗಬೇಕಿಲ್ಲ. ಹಕ್ಕಿ ಅದೇ.

ದೇಹರಚನೆ ಮತ್ತು ಬೇಟೆ

ಗೂಬೆ ಎಂದೊಡನೆ ಮೊದಲು ನೆನಪಾಗುವುದು ಸದ್ದಿಲ್ಲದ ಹಾರಾಟ. ಸಾಮಾನ್ಯ ಗೂಬೆಗಳ ರೆಕ್ಕೆಯ ಹೊರಗರಿಗಳ ಮುಂದಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣ ಸೀಳುಗಳಿರುತ್ತವೆ. ಗರಿಯ ಮೇಲ್ಮೈ ನವಿರು, ಹಿಂದಿನ ಅಂಚಿನಲ್ಲಿ ಮೃದುವಾದ ಕುಚ್ಚು. ಈ ಮೂರೂ ಸೇರಿ ರೆಕ್ಕೆಯ ಗಾಳಿಸದ್ದನ್ನು ಅಡಗಿಸುತ್ತವೆ. 1934ರಲ್ಲಿ ಬ್ರಿಟನ್ನಿನ ಗ್ರಹಾಂ ಎಂಬವರು ವಿಮಾನ ವಿಜ್ಞಾನದ ದೃಷ್ಟಿಯಿಂದ ಗೂಬೆಯ ರೆಕ್ಕೆಯನ್ನು ಪರಿಶೀಲಿಸಿದಾಗ ಈ ಮೂರು ಅಂಶಗಳನ್ನು ಗುರುತಿಸಿದರು. ಮೀನು ತಿನ್ನುವ ಗೂಬೆಗಳಲ್ಲಿ ಇವು ಇಲ್ಲವೆಂಬುದನ್ನೂ ಅವರು ಗಮನಿಸಿದ್ದರು. ಮೀನುಗೂಬೆ ಹಾರಿದರೆ ಸದ್ದು ಕೇಳುತ್ತದೆ. ದೊಡ್ಡ ಜಾತಿಯದಾದರೆ ರೆಕ್ಕೆ ಬಡಿತ ದೂರಕ್ಕೂ ಕೇಳಿಸುತ್ತದೆ. ಇಲಿಯನ್ನು ಹಿಡಿಯುವ ಗೂಬೆಗೆ ಮೌನ ಜೀವನ್ಮರಣದ ಪ್ರಶ್ನೆ. ಗಾಳಿಯಲ್ಲಿ ಹುಟ್ಟಿದ ಸದ್ದು ನೀರಿನೊಳಕ್ಕೆ ಇಳಿಯುವುದು ತೀರ ಕಡಿಮೆಯಾದ್ದರಿಂದ ಮೀನಿನೆದುರು ಆ ಮೌನಕ್ಕೆ ಬೆಲೆಯಿಲ್ಲ. ಬೇಡದ ವಿದ್ಯೆಯನ್ನು ಈ ಹಕ್ಕಿಗಳು ಬಿಟ್ಟುಕೊಟ್ಟಿವೆ.

ಕಿವಿಯ ಕತೆಯೂ ಇದೇ. ಕಣಜ ಗೂಬೆ ಗಾಢಾಂಧಕಾರದಲ್ಲೂ ಕೇವಲ ಸದ್ದು ಹಿಡಿದು ಇಲಿಯನ್ನು ಪತ್ತೆಮಾಡಬಲ್ಲದು. ಅದಕ್ಕಾಗಿ ಅದರ ಎರಡು ಕಿವಿಗಳು ಮೇಲುಕೆಳಗಾಗಿವೆ, ಮುಖದ ಗರಿಗಳು ತಟ್ಟೆಯಾಕಾರದಲ್ಲಿ ಕುಳಿತು ಸದ್ದನ್ನು ಕಿವಿಗೆ ಸಾಗಿಸುತ್ತವೆ. ಮೀನುಗೂಬೆಯ ಮುಖದಲ್ಲಿ ಆ ತಟ್ಟೆ ಮಸುಕು. ನೀರಿನಡಿಯ ಮೀನು ಸದ್ದು ಮಾಡಿ ಸುಳಿವು ಕೊಡುವುದಿಲ್ಲವಾದ್ದರಿಂದ ಅದು ಕಣ್ಣನ್ನೇ ನಂಬಬೇಕು. ಬೆಳದಿಂಗಳಲ್ಲಿ ನೀರಿನ ಮೇಲೇಳುವ ಸಣ್ಣ ಅಲೆ, ತೆಳುನೀರಿನಲ್ಲಿ ಹೊರಳುವ ಬೆನ್ನು, ಕಲ್ಲಿನ ಸಂದಿಯಿಂದ ಹೊರಬರುವ ಏಡಿ: ಇವೇ ಅದರ ಗುರುತುಗಳು. ಹೀಗಾಗಿ ನೋಟಕ್ಕೆ ಅದು ಗೂಬೆಗಿಂತ ಹದ್ದಿನ ಹಾಗೆ ಕಾಣುತ್ತದೆ ಎನ್ನುವವರ ಮಾತಿನಲ್ಲಿ ಸತ್ಯವಿದೆ.

ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಪಡೆದದ್ದು ಪಾದಗಳಲ್ಲಿದೆ. ಹೆಚ್ಚಿನ ಗೂಬೆಗಳ ಕಾಲು ಬೆರಳಿನವರೆಗೂ ಗರಿಯಿಂದ ಮುಚ್ಚಿರುತ್ತದೆ. ಮೀನುಗೂಬೆಗಳ ಮೊಣಕಾಲು ಗಂಟಿನಿಂದ ಕೆಳಗಿನ ಭಾಗ ಬಹುಮಟ್ಟಿಗೆ ಬೋಳು, ಏಕೆಂದರೆ ನೆನೆದ ಗರಿ ಭಾರ ಮತ್ತು ಚಳಿ ಎರಡನ್ನೂ ತರುತ್ತದೆ. ಸೈಬೀರಿಯಾದ ಅಂಚಿನಲ್ಲಿ ಬದುಕುವ ಬ್ಲೇಕಿಸ್ಟನ್ ಮೀನುಗೂಬೆ ಮಾತ್ರ ಗರಿಗಾಲಿನದು. ಅಲ್ಲಿನ ಹಿಮದಲ್ಲಿ ಬೋಳುಗಾಲು ನಡೆಯದು. ಹಿಮಾಲಯದ ಹೊಂಗಂದು ಮೀನುಗೂಬೆಯದು ಅರ್ಧ ಗರಿ, ಅರ್ಧ ಬೋಳು. ಬೆರಳುಗಳ ಅಡಿಯಲ್ಲಿ ಸಣ್ಣ ಮುಳ್ಳುಗಳಂಥ ಗಡಸು ಚರ್ಮವಿದ್ದು ಜಾರುವ ಮೀನನ್ನು ಬಿಗಿಹಿಡಿಯುತ್ತದೆ. ಹಗಲಿನ ಮೀನುಬೇಟೆಗಾರ ಡೇಗೆ ಹಕ್ಕಿಯ ಪಾದದಲ್ಲೂ ಇಂಥದೇ ಮುಳ್ಳುಗಳಿವೆ. ಉಗುರುಗಳು ಉದ್ದ, ಬಾಗಿದವು, ಹರಿತವಾದವು.

ಆದರೆ ಡೇಗೆಯ ಹಾಗೆ ಇವು ನೀರಿಗೆ ಧುಮುಕುವುದಿಲ್ಲ. ನೀರಿನ ಮೇಲೆ ಚಾಚಿದ ಕೊಂಬೆಯಲ್ಲೋ ಬಂಡೆಯ ಮೇಲೋ ಕುಳಿತು ಕಾಯುವುದು, ಮೇಲ್ಪದರದಲ್ಲಿ ಮೀನು ಕಂಡಾಗ ಇಳಿಜಾರಾಗಿ ಹಾರಿಬಂದು ಕಾಲಿನಿಂದ ಎತ್ತಿಕೊಂಡು ಹೋಗುವುದು ಇವುಗಳ ಮುಖ್ಯ ವಿಧಾನ. ನೆನೆಯುವುದು ಪಾದ ಮಾತ್ರ. ಇನ್ನೊಂದು ವಿಧಾನಕ್ಕೆ ಹಾರಾಟವೇ ಬೇಡ: ಆಳವಿಲ್ಲದ ಕಡೆ ನೀರಿಗಿಳಿದು ನಡೆಯುತ್ತ ಏಡಿ, ಸಿಗಡಿ, ಕಪ್ಪೆಗಳನ್ನು ಹೆಕ್ಕುವುದು. ಎರಡಕ್ಕೂ ನೀರು ತಿಳಿಯಾಗಿರಬೇಕು, ಆಳ ಕಡಿಮೆಯಿರಬೇಕು, ಪಕ್ಕದಲ್ಲಿ ಕೂರಲು ಮರವಿರಬೇಕು. ಮೀನುಗೂಬೆಯ ಬದುಕಿನ ಉಳಿದೆಲ್ಲ ಸಂಗತಿಗಳೂ ಈ ಮೂರು ಬೇಡಿಕೆಗಳಿಂದ ಹುಟ್ಟುತ್ತವೆ.

ಇಲಿ ತಿನ್ನುವ ಗೂಬೆ ಜೀರ್ಣವಾಗದ ಮೂಳೆಗಳನ್ನು ರೋಮದಲ್ಲಿ ಸುತ್ತಿ ಗಟ್ಟಿ ಉಂಡೆಯಾಗಿ ಕಕ್ಕುತ್ತದೆ. ಸಂಶೋಧಕರು ಅದನ್ನು ಬಿಡಿಸಿ ಅದರ ಆಹಾರದ ಪಟ್ಟಿ ಮಾಡುತ್ತಾರೆ. ಮೀನುಗೂಬೆ ಕಕ್ಕಿದ್ದು ಉಂಡೆಕಟ್ಟುವುದಿಲ್ಲ. ಬೆಸೆಯಲು ರೋಮವಿಲ್ಲದೆ ಮೀನಿನ ಮೂಳೆ, ಹುರುಪೆ, ಏಡಿಯ ಚಿಪ್ಪುಗಳು ಚೂರುಚೂರಾಗಿ ಮರದ ಬುಡದಲ್ಲಿ ಚೆಲ್ಲುತ್ತವೆ, ಮಳೆ ಬಂದರೆ ಕೊಚ್ಚಿಹೋಗುತ್ತವೆ. ಹೊಳೆಬದಿಯ ಬಂಡೆಯ ಮೇಲೆ ಏಡಿಚಿಪ್ಪಿನ ಚೂರುಗಳ ರಾಶಿ ಕಂಡರೆ ಮೇಲಿನ ಕೊಂಬೆಯನ್ನೊಮ್ಮೆ ನೋಡುವುದು ಒಳ್ಳೆಯದು.

ಕಂದು ಮೀನುಗೂಬೆ

ನಮ್ಮ ನಾಡಿನ ಈ ಗೂಬೆಯ ವೈಜ್ಞಾನಿಕ ಹೆಸರು ಕೆಟುಪಾ ಜೈಲೋನೆನ್ಸಿಸ್. 1788ರಲ್ಲಿ ಜರ್ಮನಿಯ ಗ್ಮೆಲಿನ್ ಇದನ್ನು ಸಿಂಹಳದ ಹಕ್ಕಿಯೆಂದು ವರ್ಣಿಸಿ ಹೆಸರಿಟ್ಟ. ಶ್ರೀಲಂಕಾದಿಂದ ಭಾರತ, ಮ್ಯಾನ್ಮಾರ್, ಇಂಡೋಚೀನ, ದಕ್ಷಿಣ ಚೀನಾದವರೆಗೂ, ಪಶ್ಚಿಮಕ್ಕೆ ಪಾಕಿಸ್ತಾನ, ಇರಾನ್ ದಾಟಿ ಟರ್ಕಿಯವರೆಗೂ ಇದರ ಹರವು ಚಾಚಿದೆ. ಪಶ್ಚಿಮದ ತುದಿಯಲ್ಲಿ ಅದು ತುಂಡುತುಂಡು. ಇಸ್ರೇಲಿನಲ್ಲಿ ಇದ್ದ ಹಕ್ಕಿಗಳು ಕಳೆದ ಶತಮಾನದಲ್ಲಿ ಕಣ್ಮರೆಯಾದವು. ಟರ್ಕಿಯಲ್ಲೂ ಹೋಯಿತೆಂದೇ ಭಾವಿಸಿದ್ದಾಗ, ಆ ದೇಶದ ದಕ್ಷಿಣದ ಟಾರಸ್ ಬೆಟ್ಟಗಳ ಕಣಿವೆಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಮತ್ತೆ ಸಿಕ್ಕಿತು.

ಉದ್ದ 50ರಿಂದ 60 ಸೆಂ.ಮೀ., ತೂಕ ಒಂದು ಕಿಲೋದಿಂದ ಎರಡೂವರೆ ಕಿಲೋವರೆಗೆ. ಮೈ ಕಂದು, ಎದೆಯ ಮೇಲೆ ಉದ್ದುದ್ದ ಕಪ್ಪು ಗೀರುಗಳು, ಕೂಗುವಾಗ ಉಬ್ಬಿ ಎದ್ದುಕಾಣುವ ಬಿಳಿ ಗಂಟಲು, ಹಳದಿ ಕಣ್ಣು. ತಲೆಯ ಮೇಲಿನ ಗರಿಗೊಂಬುಗಳು ನೆಟ್ಟಗೆ ನಿಲ್ಲದೆ ಪಕ್ಕಕ್ಕೆ ವಾಲಿಕೊಂಡು ಕೆದರಿದಂತಿರುತ್ತವೆ. ಕಲ್ಲುಗುಡ್ಡಗಳ ಕೊಂಬಿನ ಗೂಬೆಯೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ಕಾಲು ನೋಡಿದರೆ ಸಾಕು, ಕೊಂಬಿನ ಗೂಬೆಯದು ಗರಿಗಾಲು, ಕಣ್ಣು ಕಿತ್ತಳೆ, ಮುಖದ ಸುತ್ತ ಕಪ್ಪು ಅಂಚು ಸ್ಪಷ್ಟ. ಮೀನುಗೂಬೆಯ ಕೂಗು ಆಳವಾದ, ಟೊಳ್ಳು ಪಾತ್ರೆಯೊಳಗಿಂದ ಬಂದಂಥ ಹೂಂಕಾರ. ಗಂಡುಹೆಣ್ಣು ಒಂದರ ಹಿಂದೊಂದು ಕೂಗುತ್ತವೆ. ಕತ್ತಲಲ್ಲಿ ಹೊಳೆದಂಡೆಯಿಂದ ಇದನ್ನು ಮೊದಲ ಬಾರಿ ಕೇಳಿದವರಿಗೆ ಮಕ್ಕಳನ್ನು ಹೆದರಿಸುವ ಗುಮ್ಮ ಎಲ್ಲಿಂದ ಬಂದನೆಂದು ವಿವರಿಸಬೇಕಾಗುವುದಿಲ್ಲ.

ಕಬಿನಿ ಹಿನ್ನೀರು, ನಾಗರಹೊಳೆ, ಬಂಡೀಪುರ, ಭದ್ರಾ, ದಾಂಡೇಲಿಯ ಕಾಳಿ ಕಣಿವೆ, ಭೀಮೇಶ್ವರಿಯ ಬಳಿಯ ಕಾವೇರಿ ದಡ ಇವೆಲ್ಲ ಕಂದು ಮೀನುಗೂಬೆಯ ಒಳ್ಳೆಯ ನೆಲೆಗಳು. ದಟ್ಟ ಕಾಡೇ ಬೇಕೆಂದಿಲ್ಲ. ಹಳೆಯ ಮಾವು, ಆಲ, ಹೊಳೆಮತ್ತಿ ಉಳಿದಿರುವ ಊರ ಕೆರೆಯ ಏರಿಯಲ್ಲೂ, ನಾಲೆಯ ಪಕ್ಕದಲ್ಲೂ ಇರಬಲ್ಲದು. ಬೇರೆ ಗೂಬೆಗಳಷ್ಟು ಇರುಳಿಗೆ ಕಟ್ಟುಬಿದ್ದ ಹಕ್ಕಿಯೂ ಅಲ್ಲ. ಹೊತ್ತು ಮುಳುಗುವ ಮೊದಲೇ ಎದ್ದು ನೀರಿನ ಕಡೆ ಹೊರಡುತ್ತದೆ, ಮೋಡ ಕವಿದ ದಿನಗಳಲ್ಲಿ ಹಗಲಲ್ಲೂ ಬೇಟೆಯಾಡುತ್ತದೆ. ಹಗಲು ಹೊರಬಿದ್ದರೆ ಕಾಗೆಗಳು ಸುತ್ತುವರಿದು ರೇಗಿಸದೆ ಬಿಡುವುದಿಲ್ಲ. ತಿನ್ನುವುದು ಮೀನು, ಕಪ್ಪೆ, ಏಡಿಗಳನ್ನೇ ಆದರೂ ಇಲಿ, ಹಾವು, ಹಲ್ಲಿ, ಹಕ್ಕಿಗಳೂ ಪಟ್ಟಿಯಲ್ಲಿವೆ. ಸತ್ತು ಕೊಳೆತ ಮೊಸಳೆಯ ಮಾಂಸ ತಿಂದ ದಾಖಲೆಯೂ ಇದೆ. ಮೀನುಗೂಬೆ ಎಂಬ ಹೆಸರನ್ನು ತುಸು ಸಡಿಲವಾಗಿಯೇ ಹಿಡಿದುಕೊಳ್ಳಬೇಕು.

ಮರಿಮಾಡುವ ಕಾಲ ನವೆಂಬರಿನಿಂದ ಮಾರ್ಚ್. ಮರದ ಕವಲು, ದೊಡ್ಡ ಪೊಟರೆ, ಹೊಳೆಯಂಚಿನ ಬಂಡೆಯ ಗೂಡು, ಹದ್ದು ಬಿಟ್ಟುಹೋದ ಹಳೆಯ ಗೂಡು, ಯಾವುದಾದರೂ ಆದೀತು. ತಾನಾಗಿ ಕಟ್ಟುವ ಗೊಡವೆಗೆ ಹೋಗುವುದಿಲ್ಲ. ಮೊಟ್ಟೆ ಒಂದೋ ಎರಡೋ, ಬಿಳಿಯವು. ಐದು ವಾರದಲ್ಲಿ ಒಡೆದು ಮರಿ ಬರುತ್ತದೆ, ಅದು ಹಾರಲು ಮತ್ತೆ ಏಳು ವಾರ. ಈ ಲೆಕ್ಕವನ್ನು ಹೊಳೆಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಮುಂಗಾರಿನ ಕೆಂಪು ನೀರು ಇಳಿದು, ಹೊಳೆ ತಿಳಿಯಾಗಿ, ಗುಂಡಿಗಳಲ್ಲಿ ಮೀನು ಒತ್ತೊತ್ತಾಗಿ ಸೇರುವ ಕಾಲಕ್ಕೇ ಮರಿಯ ಹೊಟ್ಟೆ ದೊಡ್ಡದಾಗುತ್ತದೆ.

ಹೊಂಗಂದು ಮೀನುಗೂಬೆ ಮತ್ತು ಮಲಯದ ಮೀನುಗೂಬೆ

ಹೊಂಗಂದು ಮೀನುಗೂಬೆಯನ್ನು 1836ರಲ್ಲಿ ನೇಪಾಳದ ಮಾದರಿಯಿಂದ ವರ್ಣಿಸಿದವನು ಅಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಬ್ರಯನ್ ಹಾಡ್ಜ್‌ಸನ್. ಹಿಮಾಲಯದ ತಪ್ಪಲಿನಿಂದ ಈಶಾನ್ಯ ಭಾರತ, ದಕ್ಷಿಣ ಚೀನಾ, ವಿಯೆಟ್ನಾಂ, ತೈವಾನ್‌ವರೆಗೆ ಬೆಟ್ಟದ ತೊರೆಗಳ ಪಕ್ಕದಲ್ಲಿ ವಾಸ. ಕಂದು ಮೀನುಗೂಬೆಗಿಂತ ಮೈಬಣ್ಣ ಕಿತ್ತಳೆಯ ಕಡೆ ವಾಲಿದೆ. ತೈವಾನಿನಲ್ಲಿ ನಡೆದ ಅಧ್ಯಯನಗಳಲ್ಲಿ ಏಡಿ ಮತ್ತು ನೆಲಗಪ್ಪೆಗಳು ಇದರ ಊಟದಲ್ಲಿ ದೊಡ್ಡ ಪಾಲು ಪಡೆದಿರುವುದು ಕಂಡುಬಂದಿದೆ.

ಜಾವಾ, ಸುಮಾತ್ರಾ, ಬೋರ್ನಿಯೊ, ಮಲಯ, ಥಾಯ್ಲೆಂಡುಗಳ ಮಲಯದ ಮೀನುಗೂಬೆ ಏಷ್ಯಾದ ನಾಲ್ವರಲ್ಲಿ ಚಿಕ್ಕದು, 40ರಿಂದ 48 ಸೆಂ.ಮೀ. 1821ರಲ್ಲಿ ಜಾವಾದಿಂದ ಹಾರ್ಸ್‌ಫೀಲ್ಡ್ ವರ್ಣಿಸಿದ. ಮರದ ಮೇಲೆ ಬೆಳೆಯುವ ದೊಡ್ಡ ಜರೀಗಿಡದ ನಡುವೆ ಮೊಟ್ಟೆಯಿಡುವುದು ಇದರ ವಿಶೇಷ. ಮನುಷ್ಯರಿಗೆ ಹೆದರುವುದೂ ಕಡಿಮೆ. ಮೀನು ಸಾಕುವ ಕೊಳಗಳಿಗೆ ನುಗ್ಗುತ್ತದೆ, ಸಿಂಗಪುರದ ಉದ್ಯಾನಗಳಲ್ಲಿ ಜನಜಂಗುಳಿಯ ನಡುವೆಯೇ ಕುಳಿತಿರುತ್ತದೆ. ಬೋರ್ನಿಯೊದ ಕಿನಬಟಂಗನ್ ನದಿಯಲ್ಲಿ ಇರುಳು ದೋಣಿಯಲ್ಲಿ ಹೋಗುವ ಪ್ರವಾಸಿಗರು ನೋಡದೆ ಮರಳುವುದು ಅಪರೂಪ.

ಬ್ಲೇಕಿಸ್ಟನ್ ಮೀನುಗೂಬೆ

ತೂಕದಲ್ಲಿ ಜಗತ್ತಿನ ಗೂಬೆಗಳಿಗೆಲ್ಲ ಇದೇ ಹಿರಿಯ. ಉದ್ದ 60ರಿಂದ 72 ಸೆಂ.ಮೀ., ರೆಕ್ಕೆಯಗಲ ಸುಮಾರು ಎರಡು ಮೀಟರ್, ಹೆಣ್ಣು ನಾಲ್ಕೂವರೆ ಕಿಲೋವರೆಗೆ ತೂಗುತ್ತದೆ. ರಷ್ಯಾದ ಪೂರ್ವದಂಚಿನ ಪ್ರಿಮೋರ್ಯೆ, ಖಬಾರೊವ್‌ಸ್ಕ್, ಕುನಾಶಿರ್ ದ್ವೀಪ, ಈಶಾನ್ಯ ಚೀನಾ ಹಾಗೂ ಜಪಾನಿನ ಹೊಕ್ಕೈಡೊ ದ್ವೀಪ ಇದರ ನೆಲೆ. ಇಂಗ್ಲಿಷ್ ವ್ಯಾಪಾರಿಯೂ ನಿಸರ್ಗಪ್ರಿಯನೂ ಆಗಿದ್ದ ಥಾಮಸ್ ಬ್ಲೇಕಿಸ್ಟನ್ 1883ರಲ್ಲಿ ಹೊಕ್ಕೈಡೊದ ಹಕೊಡಾಟೆಯಲ್ಲಿ ಸಂಗ್ರಹಿಸಿದ ಹಕ್ಕಿಯನ್ನು ಮರುವರ್ಷ ಹೆನ್ರಿ ಸೀಬಾಂ ವರ್ಣಿಸಿದ. ಹೊಕ್ಕೈಡೊಗೂ ಜಪಾನಿನ ಮುಖ್ಯ ದ್ವೀಪಕ್ಕೂ ನಡುವಿನ ಜಲಸಂಧಿ ಎರಡು ಪ್ರಾಣಿಲೋಕಗಳ ಗಡಿ ಎಂದು ಗುರುತಿಸಿದವನೂ ಇದೇ ಬ್ಲೇಕಿಸ್ಟನ್. ಅವನ ಗೂಬೆ ಆ ಗಡಿಯ ಉತ್ತರಕ್ಕಷ್ಟೇ ಇದೆ.

ಚಳಿಗಾಲದಲ್ಲಿ ನದಿಗಳೇ ಹೆಪ್ಪುಗಟ್ಟುವ ನಾಡಿನಲ್ಲಿ ಮೀನು ತಿಂದು ಬದುಕುವುದು ಹುಡುಗಾಟವಲ್ಲ. ರಭಸವಾಗಿ ಹರಿದೋ ಬುಗ್ಗೆನೀರು ಸೇರಿಯೋ ಹೆಪ್ಪುಗಟ್ಟದೆ ಉಳಿದ ಕೆಲವೇ ಹರಿವುಗಳು ಇದಕ್ಕೆ ಅನ್ನದ ಬಟ್ಟಲು. ಮುಖ್ಯ ಆಹಾರ ಸಾಲ್ಮನ್ ಜಾತಿಯ ಮೀನುಗಳು, ವಸಂತದಲ್ಲಿ ಕಪ್ಪೆಗಳು. ಗಂಡುಹೆಣ್ಣು ಸೇರಿ ಕೂಗುವ ಜುಗಲಬಂದಿ ಎಷ್ಟು ಹೊಂದಿಕೊಂಡಿರುತ್ತದೆಂದರೆ ಕೇಳುವವರಿಗೆ ಒಂದೇ ಹಕ್ಕಿ ಕೂಗಿದಂತೆ ಅನಿಸುತ್ತದೆ. ಮರಿ ತಂದೆತಾಯಿಯರ ಜೊತೆ ವರ್ಷಕ್ಕೂ ಮೀರಿ ಉಳಿಯುವುದರಿಂದ ಜೋಡಿಗಳು ಬಹುಪಾಲು ಎರಡು ವರ್ಷಕ್ಕೊಮ್ಮೆ ಮರಿಮಾಡುತ್ತವೆ.

ಇದರ ಬದುಕನ್ನು ರಷ್ಯಾದ ಸೆರ್ಗೆ ಸುರ್ಮಾಚ್ ಮತ್ತು ಅಮೆರಿಕದ ಜೊನಾಥನ್ ಸ್ಲಾಟ್ ಪ್ರಿಮೋರ್ಯೆಯ ಕಾಡಿನಲ್ಲಿ ಹಕ್ಕಿಗಳನ್ನು ಹಿಡಿದು, ಜಿಪಿಎಸ್ ಕಟ್ಟಿ ಬಿಟ್ಟು ಅರಿತರು. ಸ್ಲಾಟ್ 2020ರಲ್ಲಿ ಈ ಕುರಿತು ಜನಪ್ರಿಯ ಪುಸ್ತಕವೊಂದನ್ನೂ ಪ್ರಕಟಿಸಿದರು. ಅವರ ಅಧ್ಯಯನದ ಸಾರ ಇಡೀ ಮೀನುಗೂಬೆ ಬಳಗಕ್ಕೆ ಅನ್ವಯಿಸುವಂಥದು: ಹೊಳೆದಂಡೆಯ ಮುದಿಮರ ಈ ಹಕ್ಕಿಗೆ ಎರಡು ಬಾರಿ ಬೇಕು. ನಿಂತಿರುವಾಗ ಅದರ ಪೊಟರೆ ಗೂಡಾಗುತ್ತದೆ. ಇಷ್ಟು ದೊಡ್ಡ ಹಕ್ಕಿ ಹಿಡಿಸುವ ಪೊಟರೆ ಎಳೆಮರದಲ್ಲಿ ಇರುವುದಿಲ್ಲ. ಬಿದ್ದಮೇಲೆ ಅದೇ ಮರ ನೀರಿನ ಹರಿವನ್ನು ತಡೆದು, ತಿರುಗಿಸಿ, ಮಡುಗಳನ್ನೂ ಕವಲುಗಳನ್ನೂ ಮಾಡಿ ಮೀನಿಗೆ ಜಾಗ ಕೊಡುತ್ತದೆ. ಮರ ಕಡಿದು ಸಾಗಿಸಿದರೆ ಹಕ್ಕಿ ಮನೆಯನ್ನೂ ಊಟವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತದೆ.

ಹೊಕ್ಕೈಡೊದ ಮೂಲನಿವಾಸಿಗಳಾದ ಐನು ಜನರಿಗೆ ಇದು ಊರು ಕಾಯುವ ದೇವರು, ಕೊತನ್ ಕೊರ್ ಕಮುಯ್. ಚಿರಿ ಯುಕಿಯೆ ಎಂಬ ಐನು ತರುಣಿ ತನ್ನ ಜನರ ದೇವಗೀತೆಗಳನ್ನು ಸಂಗ್ರಹಿಸಿ ಜಪಾನಿ ಭಾಷೆಗೆ ಅನುವಾದಿಸಿದಾಗ ಆ ಗೂಬೆ ದೇವರೇ ಹಾಡಿಕೊಂಡ ಗೀತೆಯನ್ನು ಮೊದಲಿಗಿಟ್ಟಳು. ಅವಳು 1922ರಲ್ಲಿ ಹತ್ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡಳು, ಪುಸ್ತಕ ಮರುವರ್ಷ ಹೊರಬಂತು. ಕಾಡು ಕಡಿದು ಹೊಲಗಳಾಗಿ, ನದಿಗಳಿಗೆ ಅಡ್ಡಗಟ್ಟೆ ಬಿದ್ದು ಆ ದೇವರ ಸಂಖ್ಯೆ 1980ರ ದಶಕದ ಹೊತ್ತಿಗೆ ಹೊಕ್ಕೈಡೊದಲ್ಲಿ ನೂರಕ್ಕೂ ಕೆಳಗಿಳಿದಿತ್ತು. ಜಪಾನ್ ಸರ್ಕಾರ 1984ರಿಂದ ಮರಗಳಿಗೆ ಗೂಡುಪೆಟ್ಟಿಗೆ ಕಟ್ಟುವ, ಚಳಿಗಾಲದಲ್ಲಿ ಮೀನು ಇಡುವ ಕೆಲಸಕ್ಕೆ ಕೈಹಾಕಿತು. ಸಂಖ್ಯೆ ನಿಧಾನವಾಗಿ ಏರಿದೆ. ಆದರೂ ಗೂಡುಪೆಟ್ಟಿಗೆ ಮುದಿಮರಕ್ಕೆ ತಾತ್ಕಾಲಿಕ ಬದಲಿ ಮಾತ್ರ, ಮತ್ತು ವಾಹನಕ್ಕೆ ಸಿಕ್ಕಿ, ವಿದ್ಯುತ್ ತಂತಿ ತಗುಲಿ ಸಾಯುವುದು ಇನ್ನೂ ನಿಂತಿಲ್ಲ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಭೇದ.

ಆಫ್ರಿಕಾದ ಮೂವರು

ಆಫ್ರಿಕಾದ ಮೀನುಗೂಬೆಗಳಿಗೆ ಗರಿಗೊಂಬಿಲ್ಲ. ಗುಂಡುತಲೆ, ಕಡುಗಂದು ಕಣ್ಣು, ಬೋಳುಗಾಲು. ಹೆಸರಾದದ್ದು ಪೆಲ್ ಮೀನುಗೂಬೆ. ಈಗಿನ ಘಾನಾದ ಕರಾವಳಿಯಲ್ಲಿ ಡಚ್ ಅಧಿಕಾರಿಯಾಗಿದ್ದ ಪೆಲ್ ಎಂಬವನ ಹೆಸರನ್ನು ಇದಕ್ಕೆ 1850ರಲ್ಲಿ ಬೊನಪಾರ್ಟ್ ಇಟ್ಟ (ಚಕ್ರವರ್ತಿ ನೆಪೋಲಿಯನ್ ಅಲ್ಲ, ಅವನ ತಮ್ಮನ ಮಗ, ಹಕ್ಕಿಶಾಸ್ತ್ರಜ್ಞ). ಎರಡು ಕಿಲೋ ಮೀರುವ, ಶುಂಠಿಬಣ್ಣದ ಸುಂದರ ಹಕ್ಕಿ. ಬೋಟ್ಸ್ವಾನಾದ ಒಕವಾಂಗೊ ನದೀಮುಖ, ಜಾಂಬೆಜಿ ದಡ, ದಕ್ಷಿಣ ಆಫ್ರಿಕಾದ ಕ್ರೂಗರ್ ಅರಣ್ಯದ ಉತ್ತರ ತುದಿಗಳಿಗೆ ಹಕ್ಕಿಪ್ರಿಯರು ಇದನ್ನು ಹುಡುಕಿಕೊಂಡೇ ಹೋಗುತ್ತಾರೆ. ಸಾಮಾನ್ಯವಾಗಿ ಹಿಡಿಯುವುದು ಕಾಲು ಕಿಲೋದೊಳಗಿನ ಮೀನು, ಆದರೆ ತನ್ನಷ್ಟೇ ತೂಕದ ಮೀನನ್ನು ಹಿಡಿದದ್ದೂ ಉಂಟು. ಎರಡು ಮೊಟ್ಟೆಯಿಟ್ಟರೂ ಬದುಕುವುದು ಹೆಚ್ಚಾಗಿ ಒಂದೇ ಮರಿ. ಕಾವೇರಿ ದಡದ ನಮ್ಮ ಗೂಬೆಯಂತೆ ಇದೂ ಪ್ರವಾಹ ಇಳಿಯುವ ಕಾಲಕ್ಕೆ ಮರಿ ಸಾಕುತ್ತದೆ.

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್, ಲೈಬೀರಿಯಾ, ಐವರಿ ಕೋಸ್ಟ್, ಘಾನಾಗಳ ಮಳೆಕಾಡಿನ ಕೆಂಗಂದು ಮೀನುಗೂಬೆಯನ್ನು 1871ರಲ್ಲೂ, ಕಾಂಗೊ, ಗ್ಯಾಬೊನ್, ಕ್ಯಾಮರೂನುಗಳ ಗೀರುಗೂಬೆಯನ್ನು 1875ರಲ್ಲೂ ಶಾರ್ಪ್ ವರ್ಣಿಸಿದ. ಮೊದಲನೆಯದರ ಕಾಡು ತುಂಡಾಗುತ್ತಿದ್ದು, ಅದು ಅಪಾಯಕ್ಕೊಳಗಾದ ಪ್ರಭೇದವೆಂದು ಪಟ್ಟಿಯಾಗಿದೆ.

ಮನುಷ್ಯರ ಕೈಯಲ್ಲಿ

ಐನು ಜನ ದೇವರೆಂದ ಹಕ್ಕಿಯ ನೆಂಟನಿಗೆ ನಮ್ಮಲ್ಲಿ ಸಿಕ್ಕಿದ್ದು ಎರಡು ಬಗೆಯ ನಡೆ. ಲಕ್ಷ್ಮಿಯ ವಾಹನವೆಂದು ಬಂಗಾಳದ ಕಡೆ ಪೂಜೆ, ಮನೆಯ ಮೇಲೆ ಕುಳಿತರೆ ಅಪಶಕುನವೆಂದು ಕಲ್ಲೇಟು. ಇವೆರಡಕ್ಕಿಂತ ಕೆಟ್ಟದ್ದು ದೀಪಾವಳಿಯ ಹೊತ್ತಿಗೆ ನಿಧಿ, ವಶೀಕರಣದ ಆಸೆ ತೋರಿಸಿ ನಡೆಯುವ ಬಲಿ. ಗರಿಗೊಂಬಿರುವ ದೊಡ್ಡ ಗೂಬೆಗಳಿಗೆ ಈ ದಂಧೆಯಲ್ಲಿ ಬೆಲೆ ಹೆಚ್ಚು, ಆದ್ದರಿಂದ ಮೀನುಗೂಬೆಗೂ ಬಿಡುಗಡೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಭಾರತದ ಯಾವ ಗೂಬೆಯನ್ನೂ ಹಿಡಿಯುವುದು, ಮಾರುವುದು ಅಪರಾಧ.

ಆದರೂ ಕಂದು ಮೀನುಗೂಬೆಗೆ ಮಾಟಗಾರನಿಗಿಂತ ದೊಡ್ಡ ಶತ್ರು ಹೊಳೆಯನ್ನೇ ಹಾಳುಗೆಡಹುವವನು ಎಂಬುದು ಈ ಲೇಖಕನ ಅಭಿಪ್ರಾಯ. ಮಲೆನಾಡಿನ ಹಳ್ಳಗಳಲ್ಲಿ ತೋಟೆ ಸಿಡಿಸಿ, ಬ್ಲೀಚಿಂಗ್ ಪುಡಿ ಸುರಿದು ಮೀನು ಹಿಡಿಯುವವರು ಮರಿಮೀನು, ಏಡಿ, ಕಪ್ಪೆಗಳನ್ನೂ ಒಂದೇ ಏಟಿಗೆ ತೆಗೆಯುತ್ತಾರೆ. ಮರಳು ಬಗೆದ ಕಡೆ ತೆಳುನೀರಿನ ಹರವು ಹೋಗಿ ಆಳದ ಗುಂಡಿಗಳು ಉಳಿಯುತ್ತವೆ. ಕಾಲಷ್ಟೇ ನೆನೆಸಬಲ್ಲ ಹಕ್ಕಿಗೆ ಅಲ್ಲಿ ಕೆಲಸವಿಲ್ಲ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಏರಿಯ ಹಳೆಯ ಮರಗಳನ್ನು ಬೋಳಿಸಿ ಕಲ್ಲು ಹಾಸುವುದೂ ಅಷ್ಟೇ ಹಾನಿಕರ. ಮೀನು ಕಡಿಮೆಯಾದದ್ದಕ್ಕೆ ಗೂಬೆಯ ಮೇಲೇ ಗೂಬೆ ಕೂರಿಸುವ ಮೀನುಸಾಕಣೆದಾರರೂ ಇದ್ದಾರೆ. ಕೊಳದ ಮೇಲೆ ಬಲೆ ಕಟ್ಟುವಾಗ ಅದರಲ್ಲಿ ಹಕ್ಕಿ ಸಿಕ್ಕಿಕೊಳ್ಳದಂತೆ ಬಿಗಿಯಾಗಿ ಎಳೆದು ಕಟ್ಟಿದರೆ ಇಬ್ಬರಿಗೂ ನಷ್ಟವಿಲ್ಲ.

ಕೆಂಪು ಪಟ್ಟಿ ಕಂದು ಮೀನುಗೂಬೆಯನ್ನು ಸದ್ಯ ಆತಂಕವಿಲ್ಲದ ಗುಂಪಿನಲ್ಲಿಟ್ಟಿದೆ. ಇದನ್ನು ನೋಡಬಯಸುವವರು ನವೆಂಬರಿನಿಂದ ಮಾರ್ಚಿನೊಳಗೆ, ಸಂಜೆ ಹೊತ್ತು ಮುಳುಗುವ ಸುಮಾರಿಗೆ, ಹಳೆಯ ಮರಗಳಿರುವ ಹೊಳೆಯ ತಿರುವುಗಳಲ್ಲಿ ಕಾಯಬೇಕು. ಅದು ಮರಿಗಳ ಕಾಲವೂ ಆದ್ದರಿಂದ ಗೂಡಿನತ್ತ ಟಾರ್ಚ್ ಹಾಯಿಸಬೇಡಿ, ಮೊಬೈಲಿನಲ್ಲಿ ಕೂಗು ನುಡಿಸಿ ಕರೆಯಬೇಡಿ, ಗೂಡಿರುವ ಜಾಗವನ್ನು ಜಾಲತಾಣಗಳಲ್ಲಿ ಹಾಕಬೇಡಿ. ಬಲೆಗೋ ತಂತಿಗೋ ಸಿಕ್ಕಿ ಗಾಯಗೊಂಡ ಹಕ್ಕಿ ಕಂಡರೆ ಬಟ್ಟೆ ಮುಚ್ಚಿ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ.